ರುಮಾ ಗದಾಂಗ್: ಮನೆ ಹೆಣ್ಣುಮಕ್ಕಳದ್ದಾದರೆ ಗಂಡಸರ ಸ್ಥಾನವೇನು?

ಪ್ರಶ್ನೆ:
ಇಂಡೊನೇಷ್ಯಾದ ಪಶ್ಚಿಮ ಸುಮಾತ್ರಾದಲ್ಲಿ ಮಿನಾಂಗ್‌ಕಬಾವ್ ಜನರು ಕಟ್ಟುವ, ಎಮ್ಮೆಯ ಕೊಂಬಿನಂತೆ ತುದಿಗಳು ಮೇಲೆದ್ದ ಮಾಡಿನ ‘ರುಮಾ ಗದಾಂಗ್’ (ಅಂದರೆ ದೊಡ್ಡಮನೆ) ಮನೆಗಳು ತಾಯಿಯಿಂದ ಮಗಳಿಗೆ ಸಲ್ಲುತ್ತವೆ ಎಂದು ಓದಿದೆ. ಹಾಗಾದರೆ ಅಲ್ಲಿ ಗಂಡಂದಿರ, ಗಂಡುಮಕ್ಕಳ ಪಾಡೇನು? ಮುಸ್ಲಿಮರಾದ ಅವರು ಧರ್ಮದ ಆಸ್ತಿ ಹಂಚಿಕೆಯ ವಿಧಿಗೆ ಇದನ್ನು ಹೇಗೆ ಹೊಂದಿಸಿಕೊಂಡಿದ್ದಾರೆ? ನಮ್ಮ ತುಳುನಾಡಿನ ಅಳಿಯಸಂತಾನ ಪದ್ಧತಿಗೂ ಇದಕ್ಕೂ ಹೋಲಿಕೆ ಉಂಟೇ? ಬಲ್ಲವರು ತಿಳಿಸಬೇಕು.

ಉತ್ತರ 1:
ಮನೆಯ ಒಳಗನ್ನು ನೋಡಿದರೆ ತಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮುಂಭಾಗವು ಅಡ್ಡಗೋಡೆಯಿಲ್ಲದ ಉದ್ದನೆಯ ಪಡಸಾಲೆ. ಊಟ, ಮದುವೆ, ಕುಲದ ಮಾತುಕತೆ ಎಲ್ಲವೂ ಅಲ್ಲೇ. ಹಿಂಬದಿಯ ಸಾಲುಕೋಣೆಗಳು ಮದುವೆಯಾದ ಹೆಣ್ಣುಮಕ್ಕಳಿಗೆ ಮೀಸಲು. ಹೊಸದಾಗಿ ಮದುವೆಯಾದವಳಿಗೆ ತುದಿಯ ಕೋಣೆ ಸಿಗುತ್ತದೆ; ತಂಗಿಯ ಮದುವೆಯಾದಾಗ ಅಕ್ಕ ಅದನ್ನು ಬಿಟ್ಟು ಪಕ್ಕದ ಕೋಣೆಗೆ ಸರಿಯುತ್ತಾಳೆ. ಹಳೆಯ ಕ್ರಮದಲ್ಲಿ ಗಂಡನು ರಾತ್ರಿ ಬಂದು ಹಗಲಲ್ಲಿ ತನ್ನ ತಾಯಿಮನೆಯ ಕೆಲಸಕ್ಕೆ ಮರಳುತ್ತಿದ್ದ; ಬೆಳೆದ ಹುಡುಗರು ‘ಸುರಾವ್’ ಎಂಬ ಪ್ರಾರ್ಥನಾಮಂದಿರದಲ್ಲಿ ಮಲಗುತ್ತಿದ್ದರು. ಆದರೂ ಗಂಡಸರಿಗೆ ಅಧಿಕಾರವಿರಲಿಲ್ಲವೆಂದು ಭಾವಿಸಬಾರದು: ಕುಲದ ವ್ಯವಹಾರ ನೋಡಿಕೊಳ್ಳುವವನು ‘ಮಾಮಕ್’, ಅಂದರೆ ಸೋದರಮಾವ.

ಆಸ್ತಿಯಲ್ಲಿ ಎರಡು ಬಗೆಯಿದೆ. ಪಿತ್ರಾರ್ಜಿತ ಎಂಬ ನಮ್ಮ ಮಾತು ಇಲ್ಲಿ ಹೊಂದದು. ಹೆಣ್ಣುಸಂತತಿಯಲ್ಲಿ ಬಂದ ಹಿರಿಯರ ಆಸ್ತಿ ಕುಲದ್ದು, ಸ್ವಂತ ದುಡಿಮೆಯದು ಇಸ್ಲಾಮೀ ವಿಧಿಯಂತೆ ಹಂಚಿಕೆಯಾಗುತ್ತದೆ. ಕುಲದ ಆಸ್ತಿಯನ್ನು ಅಡವಿಡಲು ಪದ್ಧತಿ ಒಪ್ಪುವ ಕಾರಣಗಳು ನಾಲ್ಕೇ: ಮನೆಯಲ್ಲಿ ಹೆಣವಿದ್ದು ಮಣ್ಣು ಮಾಡಲು ಹಣವಿಲ್ಲದಿರುವುದು, ಬೆಳೆದ ಹುಡುಗಿಗೆ ಮದುವೆಯಾಗದಿರುವುದು, ದೊಡ್ಡಮನೆ ಸೋರುವುದು, ಕುಲದ ಮುಖ್ಯಸ್ಥನ ಪಟ್ಟ ಕಟ್ಟಬೇಕಾಗಿರುವುದು. ಸೋರುವ ಮಾಡು ಸಾವು, ಮದುವೆಗಳ ಸಾಲಿನಲ್ಲಿ ನಿಲ್ಲುತ್ತದೆ ಎಂಬುದೊಂದೇ ಆ ಮನೆಯ ಬೆಲೆ ಹೇಳುತ್ತದೆ.

ಉತ್ತರ 2:
ಕಟ್ಟುವಿಕೆಯ ಬಗ್ಗೆ ಸೇರಿಸುತ್ತೇನೆ. ಕಂಬಗಳನ್ನು ನೆಲದಲ್ಲಿ ಹೂಳದೆ ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿ, ಮರಗಳನ್ನು ಮೊಳೆಯಿಲ್ಲದೆ ಬೆಸೆಯುವುದರಿಂದ, ಭೂಕಂಪ ಪದೇಪದೇ ಬರುವ ಆ ಸೀಮೆಯಲ್ಲಿ ಮನೆ ಮುರಿಯದೆ ಓಲಾಡುತ್ತದೆ. ಮಾಡಿಗೆ ಹಿಂದೆ ತಾಳೆ ಜಾತಿಯ ಮರದ ಕಪ್ಪು ನಾರು ಹೊದಿಸುತ್ತಿದ್ದರು. ಈಗ ಹೆಚ್ಚಾಗಿ ತಗಡು. ಅಂಗಳದಲ್ಲಿ ‘ರಂಗ್ಕಿಯಾಂಗ್’ ಎಂಬ ಭತ್ತದ ಕಣಜಗಳಿರುತ್ತವೆ. ಪ್ರವಾಸಿಗರೆಲ್ಲ ಚಿತ್ರ ತೆಗೆಯುವ, ಇದೇ ಮಾದರಿಯ ಪಗರುಯುಂಗ್ ಅರಮನೆ ಮಾತ್ರ ಹಳೆಯದಲ್ಲ: 1976ರಲ್ಲಿ ಮರುನಿರ್ಮಾಣ ಆರಂಭವಾದ ಆ ಕಟ್ಟಡ 2007ರಲ್ಲಿ ಸಿಡಿಲಿಗೆ ಸುಟ್ಟು, ಮತ್ತೆ ಎದ್ದಿತು.

ಉತ್ತರ 3:
ಅಳಿಯಸಂತಾನದಲ್ಲೂ ಆಸ್ತಿ ಹೆಣ್ಣುಸಂತತಿಯದು, ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದು. ಹೋಲಿಕೆ ಅಲ್ಲಿಯವರೆಗೆ ಸರಿ. ಆದರೆ ಬಂಟರಲ್ಲಿ ಹೆಣ್ಣು ಸಾಮಾನ್ಯವಾಗಿ ಗಂಡನ ಮನೆಯಲ್ಲಿ ಬಾಳುತ್ತಿದ್ದಳು, ಮಿನಾಂಗ್‌ಕಬಾವ್‌ನಲ್ಲಿ ಗಂಡನೇ ಬರುತ್ತಿದ್ದ. ನಮ್ಮಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ಮಾಡಿತು. ಅಲ್ಲಿ ಕುಲದ ಭೂಮಿಯ ಹಕ್ಕು ಇಂದಿಗೂ ಉಳಿದಿದೆ. ಬಹುತೇಕ ಕುಟುಂಬಗಳು ಈಗ ಬೇರೆ ಬೇರೆ ಮನೆ ಮಾಡಿಕೊಂಡಿದ್ದು, ದೊಡ್ಡಮನೆಯಲ್ಲಿ ಜನ ಸೇರುವುದು ಹೆಚ್ಚಾಗಿ ಮದುವೆಗೂ ಮುಖ್ಯಸ್ಥನ ಪಟ್ಟಕ್ಕೂ.