ನಾಯಿ ಕೊಡುವುದು ಸೂಚನೆಯೋ, ಸುಳಿವೋ?

ಬಳಗದವರಿಗೆ ನಮಸ್ಕಾರ.

ಪೊಲೀಸ್ ನಾಯಿಗಳ ಬಳಕೆಗಾಗಿ ಅಮೆರಿಕದಲ್ಲಿ ರೂಪುಗೊಂಡಿರುವ ಮಾರ್ಗಸೂಚಿಗಳ ಒಂದು ಭಾಗವನ್ನು ಕಾನೂನು ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ದೊಡ್ಡ ದೊಡ್ಡ ಪಾರಿಭಾಷಿಕಗಳು ಅಷ್ಟೇನೂ ಕಾಡಲಿಲ್ಲ; ಪ್ರಮಾಣೀಕರಣ, ದಾಖಲೆ ನಿರ್ವಹಣೆ, ಮರುತರಬೇತಿ ಮುಂತಾದವು ಯಾವ ಸರ್ಕಾರಿ ಸುತ್ತೋಲೆಯಲ್ಲಿ ಬೇಕಾದರೂ ಸಿಗುತ್ತವೆ. ಸಿಕ್ಕಿಹಾಕಿಕೊಂಡಿರುವುದು ‘ಅಲರ್ಟ್’ ಎಂಬ ಪುಟ್ಟ ಪದದಲ್ಲಿ.

ಸಂದರ್ಭ ಹೀಗಿದೆ. ಮಾದಕವಸ್ತು ಅಥವಾ ಸ್ಫೋಟಕ ಹುಡುಕುವ ನಾಯಿಗೆ ತಾನು ಕಲಿತ ವಾಸನೆ ಸಿಕ್ಕಿದೊಡನೆ ಅದರ ವರ್ತನೆ ಬದಲಾಗುತ್ತದೆ. ಮೂಸುವ ವೇಗ ಹೆಚ್ಚುತ್ತದೆ, ಬಾಲದ ಆಟ ಬೇರೆಯಾಗುತ್ತದೆ, ಹೊರಟ ದಿಕ್ಕನ್ನು ಬಿಟ್ಟು ತಟ್ಟನೆ ಹಿಂದಿರುಗುತ್ತದೆ. ವಾಸನೆಯ ಮೂಲ ಸಿಕ್ಕಾಗ ಕಲಿಸಿದಂತೆ ಕೂರುತ್ತದೆ, ಮಲಗುತ್ತದೆ ಅಥವಾ ದಿಟ್ಟಿಸಿ ನಿಲ್ಲುತ್ತದೆ. ಕೆಲವು ನಾಯಿಗಳು ಬೊಗಳುತ್ತವೆ, ಕೆರೆಯುತ್ತವೆ. (ಬಾಂಬ್ ಹುಡುಕುವ ನಾಯಿಗೆ ಕೆರೆಯುವುದನ್ನು ಏಕೆ ಕಲಿಸುವುದಿಲ್ಲ ಎಂದು ಹೇಳಬೇಕಾಗಿಲ್ಲ.) 2004ರಲ್ಲಿ ಫ್ಲಾರಿಡಾದಲ್ಲಿ ಆರಂಭವಾದ ‘ಸ್ವಿಗ್‌ಡಾಗ್’ ಎಂಬ ತಜ್ಞರ ಕಾರ್ಯತಂಡ ತನ್ನ ಪದವಿವರಣೆಯಲ್ಲಿ ಈ ಇಡೀ ವರ್ತನೆಯ ಬದಲಾವಣೆಯನ್ನು ‘ಅಲರ್ಟ್’ ಎಂದಿತು, ಕಟ್ಟಕಡೆಗೆ ಕೂರುವುದನ್ನೋ ಬೊಗಳುವುದನ್ನೋ ‘ಫೈನಲ್ ರೆಸ್ಪಾನ್ಸ್’ ಎಂದಿತು. ಅಲರ್ಟ್‌ನ ವ್ಯಾಖ್ಯೆಗೆ ಒಂದು ಬಾಲಂಗೋಚಿಯಿದೆ: ಹ್ಯಾಂಡ್ಲರ್ (ಎಂದರೆ ನಾಯಿಯನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡಿಸುವಾತ) ಅರ್ಥಮಾಡಿಕೊಂಡಂತೆ. ನಾಯಿ ಮಾಡಿದ್ದೂ ಮನುಷ್ಯ ಓದಿಕೊಂಡದ್ದೂ ಸೇರಿದರೇನೇ ಅದು ಅಲರ್ಟ್. ನನಗೆ ಬೇಕಾದ ಪದ ಈ ಎರಡನ್ನೂ ಹೊರಬೇಕು.

ಮೊದಲು ತೋಚಿದ್ದು ‘ಎಚ್ಚರಿಕೆ’. ಹವಾಮಾನ ಇಲಾಖೆಯ ಯೆಲ್ಲೋ ಅಲರ್ಟ್‌ಗೆ ಅದು ಸಾಕು, ಆದರೆ ಇಲ್ಲಿ ನಾಯಿ ಯಾರನ್ನೂ ಎಚ್ಚರಿಸುತ್ತಿಲ್ಲ. ಅಲ್ಲದೆ, ನಾಯಿಯನ್ನು ಬಿಡುವ ಮೊದಲು ಅಡಗಿ ಕುಳಿತವನಿಗೆ ಪೊಲೀಸರು ಕೂಗಿ ಹೇಳಬೇಕಾದ ಎಚ್ಚರಿಕೆಯೂ ಇದೇ ಪಠ್ಯದಲ್ಲಿ ಬರುತ್ತದೆ. ಎರಡಕ್ಕೂ ಒಂದೇ ಪದ ಇಟ್ಟರೆ ಯಾರು ಯಾರನ್ನು ಎಚ್ಚರಿಸಿದರು ಎಂದು ಓದುಗ ತಡಕಾಡಬೇಕಾಗುತ್ತದೆ.

ಹೆಚ್ಚಿನವರು ‘ಸೂಚನೆ’ ಎನ್ನುತ್ತೀರಿ ಎಂದು ಬಲ್ಲೆ. ನನ್ನ ತಕರಾರು ಇರುವುದೇ ಅದರ ಮೇಲೆ. ಮಳೆ ಬರುವ ಸೂಚನೆ ಎಂದಾಗ ಅದು ಲಕ್ಷಣ. ಮೇಲಧಿಕಾರಿಗಳು ಸೂಚನೆ ನೀಡಿದರು ಎಂದಾಗ ಅದು ಅಪ್ಪಣೆಯ ಮೆತ್ತನೆಯ ರೂಪ. ‘ಸೂಚನೆ ದೊರೆತ ಕೂಡಲೇ ಕಾರನ್ನು ಶೋಧಿಸಲಾಯಿತು’ ಎಂಬ ವಾಕ್ಯವನ್ನೇ ನೋಡಿ. ಸೂಚನೆ ಬಂದದ್ದು ನಾಯಿಯಿಂದಲೋ, ಠಾಣೆಯಿಂದಲೋ? ಬೇರೆ ಪಠ್ಯದಲ್ಲಾದರೆ ಇದನ್ನು ಕಡೆಗಣಿಸಬಹುದಿತ್ತು. ಪೊಲೀಸ್ ನಾಯಿಯ ವಿಷಯದಲ್ಲಿ ವಾದವಿವಾದವೆಲ್ಲ ಇದರ ಸುತ್ತಲೇ ನಡೆದಿದೆ: ನಾಯಿ ಮನುಷ್ಯನಿಗೆ ತಿಳಿಸಿತೋ, ಮನುಷ್ಯನೇ ಅರಿತೋ ಅರಿಯದೆಯೋ ನಾಯಿಗೆ ತಿಳಿಸಿದನೋ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಕ್ಷೇತ್ರದವರನ್ನು ಸಾಕಷ್ಟು ಕೆರಳಿಸಿತು. 18 ನಾಯಿಗಳನ್ನೂ ಅವುಗಳ ಹ್ಯಾಂಡ್ಲರ್‌ಗಳನ್ನೂ ಒಂದು ಚರ್ಚಿನ ಕೋಣೆಗಳಲ್ಲಿ ಹುಡುಕಲು ಬಿಟ್ಟರು. ಅಲ್ಲಿ ಮಾದಕವಸ್ತುವೂ ಇರಲಿಲ್ಲ, ಸ್ಫೋಟಕವೂ ಇರಲಿಲ್ಲ. ಕೆಲವೆಡೆ ಕೆಂಪು ಕಾಗದ ಅಂಟಿಸಿ, ವಾಸನೆಯ ವಸ್ತು ಇರುವ ಜಾಗಕ್ಕೆ ಆ ಗುರುತು ಎಂದು ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. 144 ಸುತ್ತಿನ ಹುಡುಕಾಟದಲ್ಲಿ ಒಟ್ಟು 225 ಅಲರ್ಟ್‌ಗಳು ವರದಿಯಾದವು. ಕೆಂಪು ಕಾಗದವಿದ್ದಲ್ಲಿ ಹೆಚ್ಚು. ಪಾಪ, ಕಾಗದದ ಅರ್ಥ ನಾಯಿಗೇನು ಗೊತ್ತು? ಇದಾದ ಮೇಲೂ ನಾಯಿಯ ವರ್ತನೆಗೆ ‘ಸೂಚನೆ’ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

ಆದ್ದರಿಂದ ಹೀಗೆ ಹಂಚಿಕೊಂಡಿದ್ದೇನೆ. ಮನುಷ್ಯನಿಂದ ನಾಯಿಗೆ ಹೋಗುವುದು ‘ಸನ್ನೆ’. ಕಣ್ಸನ್ನೆ, ಕೈಸನ್ನೆಗಳು ರೂಢಿಯಲ್ಲಿರುವುದರಿಂದ ‘ಅರಿಯದೆ ಮಾಡಿದ ಸನ್ನೆ’ ಎಂದರೆ ಯಾರಿಗಾದರೂ ಅರ್ಥವಾದೀತು. ನಾಯಿಯಿಂದ ಮನುಷ್ಯನಿಗೆ ಬರುವುದು ‘ಸುಳಿವು’. ಸುಳಿವು ಸಿಕ್ಕಿದೆ ಎಂದರೆ ಪ್ರಕರಣ ಮುಗಿದಿದೆ ಎಂದು ಕನ್ನಡದಲ್ಲಿ ಯಾರೂ ತಿಳಿಯುವುದಿಲ್ಲ. ಇನ್ನೂ ಹುಡುಕಬೇಕು ಎಂಬುದು ಪದದೊಳಗೇ ಇದೆ. ಒಂದೇ ತೊಡಕು, ‘ನಾಯಿಯ ಸುಳಿವು’ ಎನ್ನುವಂತಿಲ್ಲ. ಚಿರತೆಯ ಸುಳಿವು ಎಂದಂತೆ, ನಾಯಿಯೇ ಕಳೆದುಹೋಗಿದೆ ಎಂದಾಗಿಬಿಡುತ್ತದೆ. ‘ನಾಯಿ ಕೊಟ್ಟ ಸುಳಿವು’ ಎಂದು ಉದ್ದವಾಗಿ ಬರೆಯಬೇಕು. ಕೊನೆಗೆ ಕೂರುವ ಕ್ರಿಯೆಗೆ ‘ತೋರಿಸಿಕೊಟ್ಟಿತು’ ಎಂದರೆ ಸಾಕು, ಆದರೆ ಅದರ ನಾಮಪದ ಮಾಡಹೊರಟರೆ ‘ತೋರಿಕೆ’ ಎದುರಾಗುತ್ತದೆ. ನಾಯಿ ನಟಿಸಿತು ಎಂದು ಹೇಳುವ ಉದ್ದೇಶ ನನಗಿಲ್ಲ.

ಪತ್ರಿಕೆಗಳು ಸಲೀಸಾಗಿ ಬಳಸುವ ‘ಪತ್ತೆ ಹಚ್ಚಿತು’ ಮಾತ್ರ ಬೇಡವೇ ಬೇಡ. 2020ರಲ್ಲಿ ದಾವಣಗೆರೆಯ ಪೊಲೀಸ್ ನಾಯಿ ತುಂಗಾ ಕೊಲೆ ಪ್ರಕರಣವೊಂದರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಹೆಸರು ಮಾಡಿತಲ್ಲ, ಅದು ಮಾಡಿದ ಕೆಲಸಕ್ಕೆ ‘ಜಾಡು ಹಿಡಿಯಿತು’ ಎಂಬ ಅಚ್ಚುಕಟ್ಟಾದ ಮಾತಿದೆ. ಪತ್ತೆ ಎಂಬುದು ತನಿಖಾಧಿಕಾರಿಯ ಕೆಲಸ. ಕಾನೂನು ಕೂಡ ಈ ಗೆರೆಯನ್ನು ಎಳೆದಿದೆ. ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಪ್ರಕರಣದ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ನಾಯಿ ಪ್ರಮಾಣ ಮಾಡಿ ಸಾಕ್ಷಿ ನುಡಿಯಲಾರದು, ಹಾಗಾಗಿ ಅದನ್ನು ಪಾಟೀಸವಾಲಿಗೆ ಗುರಿಪಡಿಸುವಂತಿಲ್ಲ ಎಂಬ ಆಕ್ಷೇಪವನ್ನು ಎತ್ತಿ ಹೇಳಿತು; ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯ ನಾಯಿಯ ಊಹೆಯನ್ನು ಅವಲಂಬಿಸಬಾರದು ಎಂಬ ಭಾವನೆಯನ್ನೂ ದಾಖಲಿಸಿತು. 2008ರ ದಿನೇಶ್ ಬೋರ್ಠಾಕೂರ್ ಪ್ರಕರಣದಲ್ಲಿ, ತನಿಖೆಗೆ ನಾಯಿಯ ನೆರವು ಪಡೆಯಬಹುದು, ಅದರ ಸಾಮರ್ಥ್ಯವನ್ನು ಸಾಕ್ಷ್ಯವೆಂದು ಪರಿಗಣಿಸಲಾಗದು ಎಂದಿತು. ಇಷ್ಟೆಲ್ಲ ಆದ ಮೇಲೂ ‘ಶ್ವಾನ ಆರೋಪಿಯನ್ನು ಪತ್ತೆ ಹಚ್ಚಿತು’ ಎಂದು ಬರೆದರೆ ತೀರ್ಪನ್ನು ನಾಯಿಯ ಕೈಗೆ ಕೊಟ್ಟಂತೆಯೇ. (ಇಲಾಖೆಗೆ ಸೇರಿದೊಡನೆ ನಾಯಿ ‘ಶ್ವಾನ’ವಾಗುವುದೂ ಒಂದು ಬಡ್ತಿಯೇ ಇರಬೇಕು. ‘ಶ್ವಾನದಳ’ ಹಾಗೆಯೇ ಇರಲಿ, ಉಳಿದೆಡೆ ನಾನು ‘ನಾಯಿ’ ಎಂದೇ ಬರೆಯುತ್ತಿದ್ದೇನೆ.)

‘ಹ್ಯಾಂಡ್ಲರ್’ ಅನ್ನು ಹಾಗೆಯೇ ಬಿಟ್ಟಿದ್ದೇನೆ. ‘ನಿರ್ವಾಹಕ’ ಎಂದರೆ ಬಸ್ಸಿನ ಟಿಕೆಟ್ ನೆನಪಾಗುತ್ತದೆ. ‘ತರಬೇತುದಾರ’ ಬೇರೆ ವ್ಯಕ್ತಿಯಾಗಿರಬಹುದು.

ಇನ್ನು ಕಚ್ಚುವ ಭಾಗ. ಅಡಗಿದವನನ್ನು ಹಿಡಿಯಲು ನಾಯಿಗೆ ಎರಡು ಬಗೆಯ ತರಬೇತಿ ಉಂಟು: ಸಿಕ್ಕವನನ್ನು ಕಚ್ಚಿ, ಬಿಡು ಎನ್ನುವವರೆಗೂ ಬಿಡದಿರುವುದು ಒಂದು, ಅವನ ಮುಂದೆ ನಿಂತು ಬೊಗಳುತ್ತಾ ಹ್ಯಾಂಡ್ಲರ್ ಬರುವವರೆಗೆ ಅಲುಗಾಡಲು ಬಿಡದಿರುವುದು ಇನ್ನೊಂದು. ಮೊದಲನೆಯದು ‘ಕಚ್ಚಿ ಹಿಡಿ’. ಎರಡನೆಯದಕ್ಕೆ ‘ತರುಬಿ ಬೊಗಳು’ ಎಂದು ಇಟ್ಟಿದ್ದೇನೆ. ದನವನ್ನು ಅಡ್ಡಗಟ್ಟಿ ನಿಲ್ಲಿಸುವುದಕ್ಕೆ ‘ತರುಬು’ ಎನ್ನುತ್ತಾರಲ್ಲ, ಮೈಮುಟ್ಟದೆ ತಡೆಯುವ ಅರ್ಥ ಅದರಲ್ಲಿದೆ.

ನಾಯಿಯನ್ನು ಕಚ್ಚಲು ಬಿಡುವುದನ್ನು ಅಮೆರಿಕದ ಕಡತಗಳು ‘ಡಿಪ್ಲಾಯ್‌ಮೆಂಟ್’ ಎಂಬ ಪದದ ಕೆಳಗೆ ಸೇರಿಸುತ್ತವೆ. ‘ನಿಯೋಜನೆ’ ಎಂದು ಬರೆದರೆ ಚುನಾವಣಾ ಕರ್ತವ್ಯಕ್ಕೆ ಕಳಿಸಿದಂತೆ ಕೇಳುತ್ತದೆ. ಮಿಸೌರಿ ರಾಜ್ಯದ ಫರ್ಗ್ಯುಸನ್ ಎಂಬ ಊರಿನ ಪೊಲೀಸರ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ 2015ರಲ್ಲಿ ನೀಡಿದ ವರದಿಯ ಪ್ರಕಾರ, ಜನಾಂಗದ ಮಾಹಿತಿ ಲಭ್ಯವಿದ್ದ ನಾಯಿಕಡಿತದ ಪ್ರತಿಯೊಂದು ಪ್ರಕರಣದಲ್ಲೂ ಕಚ್ಚಿಸಿಕೊಂಡವರು ಕಪ್ಪು ಜನರೇ ಆಗಿದ್ದರು. ಅಂಥ ಕಡೆ ‘ನಿಯೋಜಿಸಲಾಯಿತು’ ಎನ್ನುವುದು ಹಲ್ಲಿನ ಗುರುತನ್ನು ಒರೆಸಿಹಾಕಿದಂತೆ. ಕನ್ನಡದ ‘ಛೂ ಬಿಟ್ಟರು’ ನಿಜವನ್ನು ಹೇಳುತ್ತದೆ, ಆದರೆ ನಿಯಮದ ಭಾಷೆಗೆ ಅದರಲ್ಲಿ ಸಿಟ್ಟು ಜಾಸ್ತಿ. ಸದ್ಯಕ್ಕೆ ‘ಹಿಡಿಯಲು ಬಿಡುವುದು’ ಎಂದಿದ್ದೇನೆ, ತೃಪ್ತಿಯಿಲ್ಲ.

ನನ್ನ ಪ್ರಶ್ನೆಗಳಿಗೆ ಬರುತ್ತೇನೆ. ‘ತರುಬು’ ನಿಮ್ಮ ಸೀಮೆಯಲ್ಲಿ ಈಗಲೂ ಬಳಕೆಯಲ್ಲಿದೆಯೇ? ಓದುವ ಹುಡುಗರಿಗೆ ಅದು ಅರ್ಥವಾದೀತೇ, ಇಲ್ಲ ‘ಅಡ್ಡಗಟ್ಟಿ’ ಎನ್ನುವುದೇ ಮೇಲೋ?

ಎರಡನೆಯದು ಇದಕ್ಕಿಂತ ಗಟ್ಟಿ. ಫ್ಲಾರಿಡಾ ರಾಜ್ಯ ಮತ್ತು ಹ್ಯಾರಿಸ್ ಎಂಬಾತನ ನಡುವಣ ಪ್ರಕರಣದಲ್ಲಿ ಆಲ್ಡೊ ಎಂಬ ಪೊಲೀಸ್ ನಾಯಿ ಅವನ ವಾಹನದ ಬಾಗಿಲ ಹಿಡಿಯ ಬಳಿ ಸುಳಿವು ಕೊಟ್ಟಿತು, ಆದರೆ ಅದು ಕಲಿತಿದ್ದ ಯಾವ ಮಾದಕವಸ್ತುವೂ ಒಳಗೆ ಸಿಗಲಿಲ್ಲ. ಹಿಂದೆ ಯಾರೋ ಮುಟ್ಟಿದ ಕೈಯ ವಾಸನೆ ಅಲ್ಲಿ ಉಳಿದಿದ್ದಿರಬಹುದು ಎಂಬ ವಾದ ಬಂತು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಸ್ತು ಸಿಗದಿದ್ದ ಮಾತ್ರಕ್ಕೆ ನಾಯಿ ತಪ್ಪಿತು ಎನ್ನಲಾಗದು ಎಂಬ ನಿಲುವು ತಳೆಯಿತು. ಹಾಗಾಗಿ ಮಾರ್ಗಸೂಚಿಗಳಿಗೆ ಎರಡು ಪದ ಬೇಕು: ವಾಸನೆಯೇ ಇಲ್ಲದ ಕಡೆ ಕೊಟ್ಟ ಸುಳಿವಿಗೆ ಒಂದು, ವಾಸನೆ ಇತ್ತೋ ಇಲ್ಲವೋ ತಿಳಿಯಲಾಗದ, ವಸ್ತು ಸಿಗದ ಸುಳಿವಿಗೆ ಇನ್ನೊಂದು. ಮೊದಲನೆಯದಕ್ಕೆ ‘ತಪ್ಪು ಸುಳಿವು’ ಆಗಬಹುದು. ‘ಸುಳ್ಳು’, ‘ಹುಸಿ’ ಎಂದರೆ ನಾಯಿಗೆ ಮೋಸದ ಆರೋಪ ಹೊರಿಸಿದಂತಾಗುತ್ತದೆ. ಎರಡನೆಯದಕ್ಕೆ ‘ಖಚಿತಪಡದ ಸುಳಿವು’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಶ್ವಾನದಳದಲ್ಲಿ ಕೆಲಸ ಮಾಡಿದವರ ಪರಿಚಯ ಯಾರಿಗಾದರೂ ಇದ್ದರೆ, ನಾಯಿ ಕೂತೂ ಏನೂ ಸಿಗದೆ ಬರಿಗೈಯಲ್ಲಿ ಮರಳಿದಾಗ ಅವರು ತಮ್ಮತಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿ ತಿಳಿಸುವಿರಾ?