ಗ್ಲಾಕ್ 19 ಪಿಸ್ತೂಲಿಗೆ ನೈಟ್ ಸೈಟ್ ಆರಿಸುವುದು ಹೇಗೆ?

ಪ್ರಶ್ನೆ (ಡಲ್ಲಾಸ್ ಹತ್ತಿರ, ಟೆಕ್ಸಾಸ್):

ನಮಸ್ಕಾರ ಸರ್. ಮನೆಯ ರಕ್ಷಣೆಗೆಂದು ಐದನೇ ತಲೆಮಾರಿನ ಗ್ಲಾಕ್ 19 ಪಿಸ್ತೂಲನ್ನು ಇಟ್ಟುಕೊಂಡಿದ್ದೇನೆ. ಕಂಪನಿಯಿಂದಲೇ ಬಂದ ಪ್ಲಾಸ್ಟಿಕ್ ಸೈಟ್‌ಗಳು, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಮುಂದಿನ ಬಿಳಿ ಚುಕ್ಕೆ ಮತ್ತು ಹಿಂದಿನ ಯು ಆಕಾರದ ಬಿಳಿ ಗೆರೆ, ಹಗಲಿನಲ್ಲಿ ಚೆನ್ನಾಗಿ ಕಾಣುತ್ತವೆ. ಕೋಣೆಯ ದೀಪ ಆರಿಸಿದರೆ ಎರಡೂ ಮಾಯವಾಗುತ್ತವೆ. ನನಗೆ 48 ವರ್ಷ, ಚಾಳೀಸು ಬಂದಿದೆ. ಅಂಗಡಿಯಲ್ಲಿ ಟ್ರಿಜಿಕಾನ್, ಅಮೆರಿಗ್ಲೋ, ಟ್ರೂಗ್ಲೋ, ಎಕ್ಸ್‌ಎಸ್ ಎಂದು ಹಲವು ಬಗೆಗಳನ್ನು ತೋರಿಸಿದರು. ಮೂರೂ ಚುಕ್ಕೆಗಳು (ಮುಂದೆ ಒಂದು, ಹಿಂದೆ ಎರಡು) ಹೊಳೆಯುವಂಥದ್ದನ್ನು ಕೊಳ್ಳಬೇಕೇ, ಮುಂದಿನದೊಂದು ಹೊಳೆದರೆ ಸಾಕೇ? ಮನೆಯಲ್ಲಿಯೇ ಕೂರಿಸಿಕೊಳ್ಳಬಹುದೇ? ದಯವಿಟ್ಟು ತಿಳಿಸಿ.

ಉತ್ತರ (ಗನ್‌ಸ್ಮಿತ್):

ನಮಸ್ಕಾರ. ಬ್ರಾಂಡಿನ ಮಾತಿಗೆ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನೈಟ್ ಸೈಟ್, ಅಂದರೆ ಕತ್ತಲಲ್ಲಿ ತಾನೇ ಹೊಳೆಯುವ ಸೈಟ್, ನಿಮ್ಮ ಪಿಸ್ತೂಲು ಎತ್ತ ಮುಖ ಮಾಡಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಎದುರಿಗಿರುವವರು ಯಾರು ಎಂಬುದನ್ನು ಹೇಳುವುದಿಲ್ಲ. ಮನೆಯೊಳಗೆ ಅಪರಾತ್ರಿಯಲ್ಲಿ ಕಾಣುವ ಆಕೃತಿ ನೀರು ಕುಡಿಯಲು ಎದ್ದ ಮಗಳೂ ಆಗಿರಬಹುದು, ಊರಿನಿಂದ ಬಂದಿಳಿದು ಇನ್ನೂ ನಿದ್ದೆ ಹೊಂದಿಕೊಳ್ಳದ ತಂದೆತಾಯಿಯೂ ಆಗಿರಬಹುದು. ಆದ್ದರಿಂದ ನಿಮ್ಮಲ್ಲಿ ಒಳ್ಳೆಯ ಟಾರ್ಚ್ ಇಲ್ಲದಿದ್ದರೆ ಮೊದಲು ಟಾರ್ಚನ್ನು ಕೊಳ್ಳಿ, ಉಳಿದ ಹಣದಲ್ಲಿ ಸೈಟ್ ಕೊಳ್ಳಿ. ಇದನ್ನು ನನ್ನ ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ, ಸೈಟ್ ಮಾರಾಟವಾಗದಿದ್ದರೂ ಚಿಂತೆಯಿಲ್ಲ.

ಹಾಗಾದರೆ ನೈಟ್ ಸೈಟ್ ಯಾವಾಗ ಉಪಯೋಗಕ್ಕೆ ಬರುತ್ತದೆ? ಗುರಿ ಯಾವುದೆಂದು ಗುರುತಿಸುವಷ್ಟು ಬೆಳಕಿದ್ದು, ಕಪ್ಪು ಸೈಟನ್ನು ಕಾಣುವಷ್ಟು ಬೆಳಕು ಇಲ್ಲದ ಹೊತ್ತಿನಲ್ಲಿ. ಮುಸ್ಸಂಜೆಯ ಅಂಗಳ, ಬೀದಿದೀಪದ ಬೆಳಕು ಕಿಟಕಿಯಿಂದ ಬೀಳುವ ಹಜಾರ, ನೀವು ಕತ್ತಲಲ್ಲಿದ್ದು ಎದುರಿನ ಕೋಣೆಯಲ್ಲಿ ದೀಪ ಉರಿಯುತ್ತಿರುವ ಸಂದರ್ಭ, ಇವೆಲ್ಲ ಅಂಥವು. ಟಾರ್ಚ್ ಹಚ್ಚಿದ ಮೇಲೆ ಬೆಳಗಿದ ಗುರಿಯ ಮುಂದೆ ಸೈಟ್ ಕಪ್ಪು ನೆರಳಾಗಿ ಕಾಣುವುದರಿಂದ ಅದರ ಹೊಳಪಿಗೆ ಅಲ್ಲಿ ಹೆಚ್ಚಿನ ಕೆಲಸವಿರುವುದಿಲ್ಲ. ಆಗ ಮುಖ್ಯವಾಗುವುದು ಮುಂದಿನ ಸೈಟಿನ ಅಂಚು ಮತ್ತು ಹಿಂದಿನ ಕಚ್ಚಿನ ನಡುವೆ ಎರಡೂ ಬದಿಯಲ್ಲಿ ಕಾಣುವ ಬೆಳಕಿನ ಸಂದು.

ಮೂರು ಚುಕ್ಕೆಗಳ ಪ್ರಶ್ನೆಗೆ ಬರುತ್ತೇನೆ. ಮೂರೂ ಒಂದೇ ಬಣ್ಣದಲ್ಲಿ, ಒಂದೇ ಹೊಳಪಿನಲ್ಲಿ ಇರುವ ಜೋಡಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಪೂರ್ಣ ಕತ್ತಲಲ್ಲಿ ಸೈಟಿನ ಆಕಾರವೇ ಕಾಣದೆ ಮೂರು ಹಸಿರು ಚುಕ್ಕೆಗಳು ಮಾತ್ರ ತೇಲುತ್ತಿರುತ್ತವೆ. ಅವಸರದಲ್ಲಿ ಮುಂದಿನ ಚುಕ್ಕೆ ನಡುವೆ ಬರುವ ಬದಲು ಒಂದು ಬದಿಗೆ ಸರಿದಿದ್ದರೂ ಮೂರು ಚುಕ್ಕೆ ಒಂದೇ ಸಾಲಿನಲ್ಲಿವೆ ಎಂದು ಕಣ್ಣು ಒಪ್ಪಿಬಿಡುತ್ತದೆ; ಪಿಸ್ತೂಲು ಮಾತ್ರ ಗುರಿಯಿಂದ ಬಹಳ ದೂರ ತಿರುಗಿರುತ್ತದೆ. ಇದಕ್ಕೆ ಪರಿಹಾರ ಎರಡು. ಮುಂದೆ ಹಸಿರು ಮತ್ತು ಹಿಂದೆ ಹಳದಿ ಅಥವಾ ಕಿತ್ತಳೆ ಇರುವುದನ್ನು ಆರಿಸಬಹುದು; ಇಲ್ಲವೇ ಹಿಂದಿನ ಸೈಟ್ ಪೂರ್ತಿ ಕಪ್ಪಾಗಿದ್ದು ಮುಂದಿನದು ಮಾತ್ರ ಹೊಳೆಯುವುದನ್ನು ಆರಿಸಬಹುದು. ನಮ್ಮ ಕಣ್ಣು ಹಸಿರನ್ನು ಎಲ್ಲಕ್ಕಿಂತ ಚೆನ್ನಾಗಿ ಗ್ರಹಿಸುವುದರಿಂದ, ಒಳಗಿನ ಸಣ್ಣ ಗಾಜಿನ ಕೊಳವೆಯಲ್ಲಿ ಅಷ್ಟೇ ಟ್ರಿಟಿಯಂ (ಹೊಳಪು ಕೊಡುವ ಅನಿಲ) ಇದ್ದರೂ ಹಸಿರು ಮುಂದೆ ನಿಲ್ಲುತ್ತದೆ, ಕಿತ್ತಳೆ ಮಂಕಾಗಿ ಹಿಂದೆ ಸರಿಯುತ್ತದೆ. ನಮಗೆ ಬೇಕಾದದ್ದೂ ಅದೇ. ಪೂರ್ತಿ ಕಪ್ಪಾದ ಹಿಂದಿನ ಸೈಟಿನಲ್ಲಿ ಒಂದು ಕೊರತೆಯಿದೆ: ಗಾಢ ಕತ್ತಲಲ್ಲಿ ಮುಂದಿನ ಚುಕ್ಕೆ ಕಚ್ಚಿನೊಳಗೆ ಎಲ್ಲಿದೆ ಎಂದು ಅಳೆಯಲು ಆಧಾರವಿರುವುದಿಲ್ಲ. ನಿಮ್ಮ ಮನೆಯ ಬಳಕೆಗೆ, ಹೆಚ್ಚು ಅಭ್ಯಾಸ ಮಾಡದವರಿಗೆ, ಮಂಕಾದ ಎರಡು ಚುಕ್ಕೆ ಹಿಂದೆ ಇರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಇನ್ನು ಹಗಲು. ಟ್ರಿಟಿಯಂ ಬೆಳಕು ಎಷ್ಟು ಮೆಲುವಾದುದೆಂದರೆ ಹಗಲಿನಲ್ಲಿ ಅದು ಇದೆ ಎಂಬುದೇ ಗೊತ್ತಾಗುವುದಿಲ್ಲ. ಹಗಲಿನಲ್ಲಿ ಕಣ್ಣನ್ನು ಸೆಳೆಯುವುದು ಆ ಗಾಜಿನ ಕೊಳವೆಯ ಸುತ್ತ ಬಳಿದಿರುವ ಕಿತ್ತಳೆ ಅಥವಾ ಹಳದಿ ಬಣ್ಣದ ಬಳೆ. ಚಾಳೀಸು ಬಂದ ಕಣ್ಣಿಗೆ ಈ ಬಳೆ ಬಹಳ ಸಹಾಯಕ, ಏಕೆಂದರೆ ತೋಳಿನಳತೆಯಲ್ಲಿರುವ ಸೈಟಿನ ಅಂಚು ಮಸುಕಾದರೂ ಬಣ್ಣದ ಚುಕ್ಕೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಟ್ರಿಜಿಕಾನ್‌ನ ಎಚ್‌ಡಿ ಮಾದರಿಯಲ್ಲಿ ಬಳೆಯೂ ಮುಂದಿನ ಸೈಟೂ ಅಗಲ. ಎಚ್‌ಡಿ ಎಕ್ಸ್‌ಆರ್‌ನಲ್ಲಿ ಮುಂದಿನ ಸೈಟನ್ನು ತೆಳ್ಳಗೆ ಮಾಡಿ, ಬದಿಯ ಸಂದುಗಳಲ್ಲಿ ಹೆಚ್ಚು ಬೆಳಕು ಕಾಣುವಂತೆ ಮಾಡಿದ್ದಾರೆ. ಗುರಿಯ ನಿಖರತೆಗೆ ನನಗೆ ಎರಡನೆಯದು ಇಷ್ಟ. ಫೋರ್ಟ್ ವರ್ತ್‌ನ ಎಕ್ಸ್‌ಎಸ್ ಕಂಪನಿಯ ಬಿಗ್ ಡಾಟ್ ಮಾದರಿಯಲ್ಲಿ ದೊಡ್ಡ ಚುಕ್ಕೆ, ಹಿಂದೆ ಆಳವಿಲ್ಲದ ವಿ ಆಕಾರ ಇರುತ್ತದೆ. ಹತ್ತಿರದ ಗುರಿಗೆ ಅತಿ ವೇಗ, ದೂರದ ಗುರಿಗೆ ದೊಡ್ಡ ಚುಕ್ಕೆಯೇ ಗುರಿಯನ್ನು ಮುಚ್ಚಿಬಿಡುತ್ತದೆ. ಕಣ್ಣು ತೀರ ಮಸುಕಾದವರಿಗೆ ಅದನ್ನು ಹೇಳುತ್ತೇನೆ, ನಿಮಗಲ್ಲ. ಟ್ರೂಗ್ಲೋದ ಟಿಎಫ್‌ಓ ಬಗೆಯಲ್ಲಿ ಟ್ರಿಟಿಯಂ ಜೊತೆ ಫೈಬರ್ ಆಪ್ಟಿಕ್ ಎಳೆಯೂ ಇರುವುದರಿಂದ ಹಗಲಿನಲ್ಲಿ ಉಳಿದವಕ್ಕಿಂತ ಪ್ರಕಾಶಮಾನ. ಬರಿಯ ಫೈಬರ್ ಆಪ್ಟಿಕ್ ಸೈಟನ್ನು ಮಾತ್ರ ನೈಟ್ ಸೈಟ್ ಎಂದು ನಂಬಿ ಕೊಳ್ಳಬೇಡಿ. ಸುತ್ತಲಿನ ಬೆಳಕನ್ನು ಹೀರಿ ತೋರಿಸುವ ಆ ಎಳೆ ಕತ್ತಲಲ್ಲಿ ಸತ್ತಂತೆ.

ಹೊಳೆಯುವ ಬಣ್ಣದ ಬಗ್ಗೆಯೂ ಒಂದು ಎಚ್ಚರಿಕೆ. ಕಡಿಮೆ ಬೆಲೆಯ ಕೆಲವು ಸೈಟ್‌ಗಳಲ್ಲಿ ಟ್ರಿಟಿಯಂ ಇರುವುದೇ ಇಲ್ಲ, ಬೆಳಕಿಗೆ ಒಡ್ಡಿದರೆ ಸ್ವಲ್ಪ ಹೊತ್ತು ಹೊಳೆದು ಆರಿಹೋಗುವ ಬಣ್ಣವಷ್ಟೇ ಇರುತ್ತದೆ. ಪೆಟ್ಟಿಗೆಯೊಳಗೆ ಇಟ್ಟ ಪಿಸ್ತೂಲನ್ನು ನಡುರಾತ್ರಿ ಹೊರತೆಗೆದಾಗ ಅದು ಕಪ್ಪಾಗಿಯೇ ಇರುತ್ತದೆ. ಪೊಟ್ಟಣದ ಮೇಲೆ ಟ್ರಿಟಿಯಂ ಎಂಬ ಹೆಸರು ಇದೆಯೇ ಎಂದು ಓದಿ ನೋಡಿ.

ಕೂರಿಸುವ ವಿಚಾರ: ಗ್ಲಾಕಿನ ಮುಂದಿನ ಸೈಟನ್ನು ಸ್ಲೈಡಿನ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಒಳಗಿನಿಂದ ಒಂದು ಸಣ್ಣ ಸ್ಕ್ರೂ ಹಿಡಿದಿರುತ್ತದೆ, ಅದಕ್ಕೆ 3/16 ಇಂಚಿನ ತೆಳು ನಟ್ ಡ್ರೈವರ್ ಮತ್ತು ಒಂದು ತೊಟ್ಟು ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಸಾಕು. ಹಿಂದಿನದು ಡವ್‌ಟೇಲ್ ಎಂಬ ಅಡ್ಡ ತೋಡಿನಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಅದನ್ನು ಸೈಟ್ ಪುಷರ್ ಎಂಬ ಸ್ಕ್ರೂ ಉಪಕರಣದಿಂದ ನಿಧಾನವಾಗಿ ತಳ್ಳಬೇಕು. ಸುತ್ತಿಗೆ ಬಳಸಿದರೆ ಗಾಜಿನ ಕೊಳವೆ ಒಡೆಯುವ ಅಪಾಯವಿದೆ. ಆ ಉಪಕರಣವನ್ನು ಒಂದೇ ಸಲದ ಕೆಲಸಕ್ಕೆ ಕೊಳ್ಳುವುದಕ್ಕಿಂತ ಹತ್ತಿರದ ಗನ್‌ಸ್ಮಿತ್‌ಗೆ ಕೊಡುವುದು ಅಗ್ಗ. ನೀವೇ ಮಾಡುವುದಾದರೆ ಮ್ಯಾಗಜಿನ್ ತೆಗೆದು, ಚೇಂಬರ್ (ನಳಿಕೆಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸ್ಲೈಡನ್ನು ಚೌಕಟ್ಟಿನಿಂದ ಬೇರ್ಪಡಿಸಿದ ನಂತರವೇ ಉಪಕರಣ ಹಿಡಿಯಿರಿ.

ಪ್ರಶ್ನೆ (ನಾರ್ತ್ ಕೆರೊಲಿನಾ):

ಸರ್, ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ. ಟ್ರಿಟಿಯಂ ವಿಕಿರಣ ವಸ್ತು ಎಂದು ಓದಿ ನನಗೆ ಭಯವಾಗಿದೆ. ಇಂಥದ್ದನ್ನು ಮನೆಯಲ್ಲಿ ಇಡುವುದು ಸುರಕ್ಷಿತವೇ? ಯಜಮಾನರು ಹಳೆಯ ಸೈಟ್ ಒಂದನ್ನು ಕಡಿಮೆ ಬೆಲೆಗೆ ಕೊಳ್ಳುವ ಯೋಚನೆಯಲ್ಲಿದ್ದಾರೆ, ಅದರ ಬಗ್ಗೆಯೂ ಹೇಳಿ.

ಉತ್ತರ:

ಮೇಡಂ, ನೀವು ಕೇಳಿದ್ದು ಸರಿಯಾಗಿದೆ. ಟ್ರಿಟಿಯಂ ಎಂಬುದು ಜಲಜನಕದ ವಿಕಿರಣಶೀಲ ರೂಪ. ಅದರಿಂದ ಹೊಮ್ಮುವ ಬೀಟಾ ಕಣಗಳು ಗಾಜಿನ ಕೊಳವೆಯ ಒಳಗೋಡೆಗೆ ಲೇಪಿಸಿದ ಫಾಸ್ಫರ್ ಎಂಬ ಹೊಳೆಯುವ ಪದಾರ್ಥಕ್ಕೆ ಬಡಿದಾಗ ಬೆಳಕು ಹುಟ್ಟುತ್ತದೆ. ಹಾಗಾಗಿಯೇ ಅದಕ್ಕೆ ಬ್ಯಾಟರಿಯೂ ಬೇಡ, ಬಿಸಿಲೂ ಬೇಡ. ಆ ಕಣಗಳ ಶಕ್ತಿ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್. ಗಾಳಿಯಲ್ಲಿ ಕೆಲವು ಮಿಲಿಮೀಟರಿನಷ್ಟು ಮಾತ್ರ ಸಾಗುವ ಅವು ಗಾಜನ್ನಾಗಲಿ ಚರ್ಮದ ಮೇಲಿನ ಸತ್ತ ಪದರವನ್ನಾಗಲಿ ದಾಟಲಾರವು. ಕೊಳವೆ ಗಟ್ಟಿಯಾಗಿರುವ ತನಕ ಹೊರಗಿನಿಂದ ಅಪಾಯವಿಲ್ಲ. ಅಕಸ್ಮಾತ್ ಒಡೆದರೆ ಕಿಟಕಿ ತೆರೆದು, ಕೋಣೆಯಿಂದ ಎಲ್ಲರೂ ಹೊರಬಂದು, ಗಾಳಿಯಾಡಲು ಬಿಡಿ; ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈ ತೊಳೆಯಿರಿ. ಹಳೆಯ ಅಥವಾ ಒಡೆದ ಸೈಟನ್ನು ಕಸದ ಬುಟ್ಟಿಗೆ ಹಾಕದೆ, ಹಿಂದಿರುಗಿಸುವ ಬಗೆಯನ್ನು ತಯಾರಕರನ್ನೇ ಕೇಳಿ. ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ನಿಜವಾದ ಅಪಾಯ ಸೈಟಿನದಲ್ಲ, ಪಿಸ್ತೂಲಿನದು. ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇದೆಯೇ ಎಂದು ಇಂದೇ ನೋಡಿ.

ಹಳೆಯ ಸೈಟಿನ ಕುರಿತು: ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಲೆಕ್ಕದ ಪ್ರಕಾರ ಆರು ವರ್ಷದ ಹೊತ್ತಿಗೆ ಶೇಕಡಾ 71ರಷ್ಟು, ಹನ್ನೆರಡು ವರ್ಷ ದಾಟಿದಾಗ ಅರ್ಧದಷ್ಟು ಉಳಿದಿರುತ್ತದೆ. ಒಳಗಿನ ಲೇಪನವೂ ಸವೆಯುವುದರಿಂದ ಬೆಳಕು ಇನ್ನೂ ಸ್ವಲ್ಪ ಬೇಗ ಕುಂದುತ್ತದೆ. ಉಪಯೋಗಿಸಿದರೂ ಡಬ್ಬಿಯಲ್ಲಿಯೇ ಇಟ್ಟರೂ ಕ್ಷಯ ಒಂದೇ, ಆದ್ದರಿಂದ ‘ಬಳಸಿಯೇ ಇಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ, ತಯಾರಾದ ವರ್ಷಕ್ಕೆ ಬೆಲೆ. ವರ್ಷ ಗೊತ್ತಾಗದ ಸೈಟನ್ನು ಕೊಳ್ಳಬೇಡಿ. ಹೊಸದನ್ನು ಕೊಳ್ಳುವಾಗಲೂ ಖಾತರಿಯ ಅವಧಿ ಮಾರಾಟದ ದಿನದಿಂದ ಶುರುವೋ ತಯಾರಿಕೆಯ ದಿನದಿಂದ ಶುರುವೋ ಎಂದು ಕೇಳಿಕೊಳ್ಳಿ.

ಪ್ರಶ್ನೆ (ಅರಿಜೋನಾ):

ಈಗ ಎಲ್ಲರೂ ರೆಡ್ ಡಾಟ್ (ಗಾಜಿನ ಕಿಟಕಿಯಲ್ಲಿ ಬೆಳಕಿನ ಚುಕ್ಕೆ ತೋರಿಸುವ, ಬ್ಯಾಟರಿಯ ಸೈಟ್) ಹಾಕಿಸುತ್ತಿದ್ದಾರೆ. ನೈಟ್ ಸೈಟಿಗೆ ಹಣ ಹಾಕುವುದು ವ್ಯರ್ಥವಲ್ಲವೇ? ಇನ್ನೊಂದು ವಿಷಯ, ಕೊಡಗಿನಲ್ಲಿರುವ ಸೋದರಮಾವನ ಬಳಿ ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ಡಿಸೆಂಬರಿನಲ್ಲಿ ಹೋಗುವಾಗ ಅವರಿಗೊಂದು ಸೈಟ್ ಒಯ್ಯಬಹುದೇ?

ಉತ್ತರ:

ಚಾಳೀಸಿನ ಕಣ್ಣಿಗೆ ರೆಡ್ ಡಾಟ್ ನಿಜಕ್ಕೂ ಒಳ್ಳೆಯದು, ಏಕೆಂದರೆ ನೋಟವನ್ನು ಗುರಿಯ ಮೇಲೆಯೇ ಇಡಬಹುದು. ಆದರೆ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ವಕ್ರತೆಯ ದೋಷ) ಇರುವವರಿಗೆ ಆ ಚುಕ್ಕೆ ಬಾಲ ಬಿಟ್ಟಂತೆ ಹರಡಿ ಕಾಣುತ್ತದೆ, ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯಲ್ಲಿ ನಿಮ್ಮ ಕನ್ನಡಕ ಹಾಕಿಕೊಂಡೇ ನೋಡಿ. ಅದಕ್ಕೆ ಸ್ಲೈಡ್ ಕೊರೆದಿರಬೇಕು; ಗ್ಲಾಕಿನಲ್ಲಿ ಎಂಓಎಸ್ ಎಂಬ ಗುರುತಿನ ಮಾದರಿಗಳು ಹಾಗೆಯೇ ಬರುತ್ತವೆ. ಬ್ಯಾಟರಿ ತೀರಿದಾಗ ಅಥವಾ ಗಾಜಿನ ಮೇಲೆ ಮಂಜು ಕೂತಾಗ ಆಸರೆಯಾಗುವುದು ಲೋಹದ ಸೈಟ್ ತಾನೇ. ರೆಡ್ ಡಾಟಿನ ಕಿಟಕಿಯ ಮೂಲಕ ಕಾಣಬೇಕಾದರೆ ಎತ್ತರದ ಸೈಟ್ ಬೇಕಾಗುತ್ತದೆ. ಅಂಥ ಕಡೆ ಮುಂದೆ ಮಾತ್ರ ಟ್ರಿಟಿಯಂ, ಹಿಂದೆ ಕಪ್ಪು ಇರಲಿ. ಕಿಟಕಿಯೊಳಗೆ ಬೆಳಕಿನ ಚುಕ್ಕೆಗಳು ಹೆಚ್ಚಾದಷ್ಟೂ ಗೊಂದಲ.

ಭಾರತಕ್ಕೆ ಒಯ್ಯುವ ವಿಚಾರವನ್ನು ಕೈಬಿಡಿ ಎಂದೇ ಹೇಳುತ್ತೇನೆ. ಇಲ್ಲಿ ಲೈಸೆನ್ಸ್ ಇಲ್ಲದೆ ಟ್ರಿಟಿಯಂ ಸೈಟ್ ಇಟ್ಟುಕೊಳ್ಳಲು ಅಮೆರಿಕದ ಕಾನೂನು ಕೊಟ್ಟಿರುವ ವಿನಾಯಿತಿ ಅಮೆರಿಕದೊಳಗಿನದು. ಬಂದೂಕಿನ ಬಿಡಿಭಾಗಗಳ ರಫ್ತಿಗೆ ಇಲ್ಲಿ ನಿಯಂತ್ರಣವಿದೆ, ಅಲ್ಲಿ 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಭಾಗಗಳೂ ಸೇರಿವೆ, ಮೇಲಾಗಿ ವಿಕಿರಣ ವಸ್ತು. ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುತ್ತಾ ನಿಲ್ಲುವ ಸ್ಥಿತಿ ಬೇಡ. ಮುಂದಿನ ಸೈಟಿನ ಹಿಂಬದಿಗೆ ಬಿಳಿ ಇಲ್ಲವೇ ಕಿತ್ತಳೆ ಬಣ್ಣದ ಒಂದು ತೆಳು ಗೆರೆ ಎಳೆದುಕೊಂಡರೆ ಮಬ್ಬುಗತ್ತಲಿನಲ್ಲಿ ಮಾವನವರಿಗೆ ಎಷ್ಟೋ ಅನುಕೂಲವಾಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು (ಡಲ್ಲಾಸ್ ಹತ್ತಿರ):

ಸರ್, ನೀವು ಹೇಳಿದಂತೆ ಮೊದಲು ಟಾರ್ಚ್ ಕೊಂಡೆ, ನಂತರ ಕಿತ್ತಳೆ ಬಳೆಯ ಎಚ್‌ಡಿ ಎಕ್ಸ್‌ಆರ್ ಹಾಕಿಸಿದೆ. ಚುಕ್ಕೆ ಬಹಳ ಚೆನ್ನಾಗಿ ಕಾಣುತ್ತಿದೆ. ಆದರೆ 15 ಗಜದಲ್ಲಿ ಗುಂಡುಗಳು ಸುಮಾರು ಮೂರೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತಿವೆ. ಸೈಟ್ ತಪ್ಪಾಗಿ ಕೂತಿದೆಯೇ?

ಉತ್ತರ:

ಕೆಳಗೆ ಬಿದ್ದ ಮಾತ್ರಕ್ಕೆ ಸೈಟಿನದೇ ದೋಷ ಎನ್ನಲಾಗದು. ಹಿಂದಿನ ಸೈಟ್ ಪಕ್ಕಕ್ಕೆ ಸರಿದಿದ್ದರೆ ಗುಂಡು ಎಡಕ್ಕೋ ಬಲಕ್ಕೋ ಹೋಗುತ್ತದೆ, ಮೇಲೆ ಕೆಳಗೆ ಅಲ್ಲ. ಎತ್ತರಕ್ಕೆ ಸಂಬಂಧಿಸಿದ ಕಾರಣಗಳು ಮೂರು. ಮೊದಲನೆಯದು, ಹಳೆಯ ಸೈಟಿನಂತೆ ನೀವು ಮುಂದಿನ ಸೈಟಿನ ಮೇಲಂಚನ್ನು ಗುರಿಯ ನಡುವಿಗೆ ತಾಗಿಸುತ್ತಿರಬಹುದು. ದೊಡ್ಡ ಬಳೆಯ ಸೈಟ್‌ಗಳಲ್ಲಿ ಚುಕ್ಕೆಯ ಮಧ್ಯವನ್ನೇ ಗುರಿಯ ಮೇಲಿಟ್ಟು ಒಮ್ಮೆ ಹೊಡೆದು ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಎರಡನೆಯದು, ಟ್ರಿಗರ್ ಎಳೆಯುವಾಗ ಕೈ ಕುಗ್ಗುವುದು. ಬಲಗೈಯವರಾದರೆ ಗುಂಡು ಕೆಳಗೂ ಎಡಕ್ಕೂ ಹೋಗುತ್ತದೆ. ಮರಳುಚೀಲದ ಮೇಲೆ ಕೈಯೂರಿ ಹೊಡೆಯಿರಿ, ಅನುಭವಿಯೊಬ್ಬರಿಂದಲೂ ಅದೇ ಗುರಿಗೆ ಹೊಡೆಸಿರಿ. ಅವರ ಗುಂಡುಗಳು ನಡುವಿಗೆ ಬಿದ್ದರೆ ಸೈಟನ್ನು ಮುಟ್ಟಬೇಡಿ.

ಇಬ್ಬರದೂ ಅಷ್ಟೇ ಕೆಳಗೆ ಬಿದ್ದರೆ ಮಾತ್ರ ಮೂರನೆಯದು, ಸೈಟಿನ ಎತ್ತರ. ಗ್ಲಾಕ್ 19ರಲ್ಲಿ ಎರಡು ಸೈಟ್‌ಗಳ ನಡುವಿನ ಅಂತರ 153 ಮಿಲಿಮೀಟರ್. ಎತ್ತರದ ವ್ಯತ್ಯಾಸವನ್ನು 153ರಿಂದ ಭಾಗಿಸಿ ಗುರಿಯ ದೂರದಿಂದ ಗುಣಿಸಿದರೆ ಗುಂಡು ಎಷ್ಟು ಸರಿಯುತ್ತದೆ ಎಂಬುದು ಸಿಗುತ್ತದೆ. 15 ಗಜ ಎಂದರೆ 13.7 ಮೀಟರ್, ಅಲ್ಲಿ 0.4 ಮಿಲಿಮೀಟರ್ ಬದಲಾವಣೆ ಗುಂಡನ್ನು ಸುಮಾರು 36 ಮಿಲಿಮೀಟರ್ ಸರಿಸುತ್ತದೆ, ಅಂದರೆ ಹೆಚ್ಚುಕಡಿಮೆ ನಿಮಗೆ ಬೇಕಾದಷ್ಟೇ. ಗ್ಲಾಕಿನ ಸ್ವಂತ ಹಿಂದಿನ ಸೈಟ್‌ಗಳು 6.1, 6.5, 6.9 ಮತ್ತು 7.3 ಎಂದು 0.4ರ ಅಂತರದಲ್ಲಿ ಬರುವುದೂ ಇದೇ ಕಾರಣಕ್ಕೆ. ಗುಂಡು ಮೇಲೇರಬೇಕಾದರೆ ಹಿಂದಿನದು ಎತ್ತರವಾಗಬೇಕು ಅಥವಾ ಮುಂದಿನದು ತಗ್ಗಬೇಕು. ಮುಂದಿನದನ್ನು ಅರ ಹಾಕಿ ಉಜ್ಜಿಸಲು ಹೋಗಬೇಡಿ, ಒಳಗೆ ಗಾಜಿದೆ. ಬೇರೆ ಎತ್ತರದ ಸೈಟ್ ಸಿಗುವುದೇ ಎಂದು ಅಂಗಡಿಯವರನ್ನು ವಿಚಾರಿಸಿ. ಅದಕ್ಕೂ ಮೊದಲು, ನೀವು ಮನೆಯಲ್ಲಿ ತುಂಬಿಡುವ ಗುಂಡನ್ನೇ ಬಳಸಿ ಒಮ್ಮೆ ಪರೀಕ್ಷಿಸಿ. ಗುಂಡಿನ ತೂಕ 115 ಗ್ರೇನ್‌ನಿಂದ 147ಕ್ಕೆ ಬದಲಾದರೂ ಬೀಳುವ ಜಾಗ ಬದಲಾಗುತ್ತದೆ.