1971ರ ಮಾರ್ಟಿನ್ ಡಿ-28 ರಾಯಚೂರಿಗೆ ಬರ್ತಿದೆ: ತರೋದು ಹೇಗೆ, ಬಂದ ಮೇಲೆ ನೋಡ್ಕೊಳ್ಳೋದು ಹೇಗೆ?

ರಾಯಚೂರು_ಆರುತಂತಿ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿರುವ ನಮ್ಮ ಸೋದರಮಾವ ತಮ್ಮ ಮಾರ್ಟಿನ್ ಡಿ-28 (ಅಮೆರಿಕದ ಮಾರ್ಟಿನ್ ಕಂಪನಿಯ ಅಕೌಸ್ಟಿಕ್) ಗಿಟಾರನ್ನು ನನಗೆ ಕೊಡ್ತಿದ್ದಾರೆ. ಸೌಂಡ್‌ಹೋಲ್‌ನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ನೆಕ್ ಬ್ಲಾಕ್ (ನೆಕ್, ಅಂದರೆ ಕುತ್ತಿಗೆ ಬಂದು ಸೇರುವ ಮರದ ತುಂಡು) ಮೇಲೆ 28ರಿಂದ ಶುರುವಾಗುವ ಆರಂಕಿಯ ನಂಬರ್ ಇದೆ. ಇಂಟರ್‌ನೆಟ್‌ನಲ್ಲಿ 1971 ಅಂತ ತೋರಿಸ್ತು. ವರ್ಷಗಟ್ಟಲೆ ಕೇಸಿನಲ್ಲೇ ಇತ್ತು, ತಂತಿಗಳು ಪೂರ್ತಿ ಬಿಗಿಯಲ್ಲೇ ಇವೆ. ಪಿಕ್‌ಗಾರ್ಡ್‌ನ (ಗೀರು ಬೀಳದಂತೆ ಮುಂಭಾಗಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯ) ಅಂಚು ಸುರುಳಿಯಾಗಿ ಮೇಲೆದ್ದಿದೆ. ಅದರ ಪಕ್ಕದಲ್ಲಿ ಬ್ರಿಡ್ಜ್‌ನಿಂದ (ಬಾಡಿ ಮೇಲೆ ತಂತಿಗಳ ಬುಡ ಕೂರುವ ಮರದ ಪಟ್ಟಿ) ಸೌಂಡ್‌ಹೋಲ್ ಕಡೆಗೆ ಕೂದಲೆಳೆಯಷ್ಟು ಬಿರುಕು.

ಏಪ್ರಿಲ್‌ನಲ್ಲಿ ತರಬೇಕು. ಪಾರ್ಸೆಲ್ ಹಾಕಿಸಬಹುದಾ? ನಮ್ಮ ಮನೆಯಲ್ಲಿ ಏರ್ ಕೂಲರ್ ಇದೆ, ಎಸಿ ಇಲ್ಲ. ಬಿರುಕಿಗೆ ಇಲ್ಲೇ ಬಡಗಿ ಹತ್ತಿರ ಅಂಟು ಹಾಕಿಸಲಾ? ಟ್ರಸ್ ರಾಡ್ (ನೆಕ್‌ನ ಬಾಗು ಸರಿಮಾಡುವ ಒಳಸರಳು) ತಿರುಗಿಸುವ ಜಾಗ ಎಲ್ಲೂ ಕಾಣ್ತಿಲ್ಲ, ಅದು ಎಲ್ಲಿರುತ್ತೆ?

ಬಳ್ಳಾರಿ_ಲ್ಯಾಕರ್

ನಂಬರ್ 271634ರಿಂದ 294270ರ ಒಳಗಿದ್ದರೆ 1971ರದ್ದೇ, ಅನುಮಾನವಿಲ್ಲ. ಮುಂಭಾಗ ಸ್ಪ್ರೂಸ್ ಮರ, ಹಿಂಭಾಗ ಮತ್ತು ಪಕ್ಕಗಳು ನಮ್ಮ ಬೀಟೆ ಮರ. 1969ರ ಕೊನೆಯವರೆಗೆ ಡಿ-28ಕ್ಕೆ ಬ್ರೆಜಿಲ್ ರೋಸ್‌ವುಡ್ ಹಾಕುತ್ತಿದ್ದರು, ಆಮೇಲೆ ಭಾರತದ ಬೀಟೆಗೆ ಬದಲಾಯಿತು.

ರಾಡ್ ಹುಡುಕಬೇಡಿ, ಅದು ಇಲ್ಲ. ಆ ಕಾಲದ ಮಾರ್ಟಿನ್ ನೆಕ್ ಒಳಗೆ ಚೌಕಾಕಾರದ ಉಕ್ಕಿನ ಕೊಳವೆಯನ್ನು ಕೂರಿಸಿರುತ್ತಾರೆ. ಅದನ್ನು ಬಿಗಿ ಮಾಡಲು, ಸಡಿಲ ಮಾಡಲು ಬರುವುದಿಲ್ಲ. ತಿರುಗಿಸುವ ರಾಡ್ ಮಾರ್ಟಿನ್‌ಗೆ ಬಂದದ್ದು 1985ರಲ್ಲಿ. ಯಾರಾದರೂ ಆಲನ್ ಕೀ ಹಿಡಿದು ಬಂದರೆ ಗಿಟಾರನ್ನು ಅವರ ಕೈಗೆ ಕೊಡಬೇಡಿ.

ಪಾರ್ಸೆಲ್ ಬೇಡ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಮುಚ್ಚಿದ ವಾಹನದೊಳಗೆ ಶಾಖ 60 ಡಿಗ್ರಿ ದಾಟುತ್ತದೆ. ಮರದ ಅಂಟು ಮೆತ್ತಗಾಗಲು ಶುರುವಾಗುವುದು ಹೆಚ್ಚುಕಡಿಮೆ ಅಷ್ಟರಲ್ಲೇ. ಅಂಟು ಮೆತ್ತಗಾದಾಗ ತಂತಿಗಳ ಎಳೆತ ಬ್ರಿಡ್ಜನ್ನು ಕೀಳುತ್ತದೆ, ನೆಕ್ಕನ್ನು ಮುಂದಕ್ಕೆ ಬಾಗಿಸುತ್ತದೆ. ಲೈಟ್ ಸೆಟ್ (ತೆಳು ತಂತಿಗಳು) ಹಾಕಿದರೂ ಆರು ತಂತಿಗಳ ಒಟ್ಟು ಎಳೆತ 70 ಕೆಜಿಗೂ ಹೆಚ್ಚು, ನೆನಪಿರಲಿ. ಪುಣೆಯಿಂದ ಸೊಲ್ಲಾಪುರ, ವಾಡಿ ಮೇಲೆ ರಾಯಚೂರಿಗೆ ನೇರ ರೈಲುಗಳಿವೆ. ಎಸಿ ಬೋಗಿಯಲ್ಲಿ ಮೇಲಿನ ಬರ್ತ್ ಬುಕ್ ಮಾಡಿ, ಜೊತೆಯಲ್ಲೇ ಇಟ್ಟುಕೊಂಡು ಬನ್ನಿ. ಹೊರಡುವ ಮುಂಚೆ ಎಲ್ಲ ತಂತಿಗಳನ್ನೂ ಒಂದೆರಡು ಸ್ವರ ಇಳಿಸಿ, ಪೂರ್ತಿ ಬಿಚ್ಚಬೇಡಿ. ಹೆಡ್‌ಸ್ಟಾಕ್ (ಶ್ರುತಿ ಕೀಲಿಗಳಿರುವ ತಲೆಭಾಗ) ಕೆಳಗೆ, ಅಕ್ಕಪಕ್ಕ ಹಳೆ ಟವೆಲ್ ತುರುಕಿ. ಕೇಸ್ ಕೆಳಗೆ ಬಿದ್ದಾಗ ಮೊದಲು ಮುರಿಯುವುದು ನಟ್ (ತಲೆಭಾಗದ ಬಳಿ ತಂತಿಗಳು ಹಾಯುವ ಸಣ್ಣ ಪಟ್ಟಿ) ಹತ್ತಿರದ ಕುತ್ತಿಗೆ.

ಮನೆಗೆ ಬಂದ ಮೇಲೆ ಕೇಸ್ ಮುಚ್ಚಿದಂತೆಯೇ ಒಳಕೋಣೆಯಲ್ಲಿ ಒಂದು ರಾತ್ರಿ ಇರಲಿ. ತಂಪಿನಿಂದ ಬಂದ ಮರ, ಅದರ ಮೇಲಿನ ತೆಳುವಾದ ಲ್ಯಾಕರ್ (ಹೊಳಪಿನ ಲೇಪ) ಎರಡೂ ನಮ್ಮ ಬಿಸಿಗೆ ಒಂದೇ ವೇಗದಲ್ಲಿ ಹಿಗ್ಗುವುದಿಲ್ಲ. ಅವಸರದಲ್ಲಿ ತೆರೆದರೆ ಲ್ಯಾಕರ್ ಮೇಲೆ ಬಲೆಯಂಥ ಸಣ್ಣ ಬಿರುಕುಗಳು ಬೀಳುತ್ತವೆ.

ಈಗ ಕೂಲರ್ ವಿಷಯ. ನಮ್ಮ ಕಡೆ ಹಳೆ ಗಿಟಾರಿಗೆ ದೊಡ್ಡ ಶತ್ರು ಇದೇ ಅಂತ ನನ್ನ ಅಭಿಪ್ರಾಯ. ಗಿಟಾರಿಗೆ ಬೇಕಾದ ತೇವಾಂಶ ಶೇ 45ರಿಂದ 55. ಮೇ ಮಧ್ಯಾಹ್ನ ಕೋಣೆಯಲ್ಲಿ ಅದು ಶೇ 20ರ ಆಸುಪಾಸಿಗೆ ಇಳಿಯುತ್ತದೆ. ಕೂಲರ್ ಹಾಕಿದ ಗಂಟೆಯೊಳಗೆ ಶೇ 70ಕ್ಕೆ ಏರುತ್ತದೆ, ಕರೆಂಟ್ ಹೋದರೆ ಮತ್ತೆ ಕುಸಿಯುತ್ತದೆ. ಮರ ದಿನಕ್ಕೆ ನಾಲ್ಕು ಸಲ ಹಿಗ್ಗಿ ಕುಗ್ಗಿದರೆ ಬಿರುಕು ಬೀಳದೇ ಇರುತ್ತಾ? ಗಿಟಾರನ್ನು ಕೂಲರ್ ಕೋಣೆಯಲ್ಲಿ ಗೋಡೆಗೆ ನೇತುಹಾಕಬೇಡಿ. ಕೆಳಮನೆಯ ಕೋಣೆಯಲ್ಲಿ, ಕೇಸಿನೊಳಗೇ ಇಡಿ. ಸ್ಲ್ಯಾಬ್ ಕೆಳಗಿನ ಅಟ್ಟ, ಪಡುವಣ ಗೋಡೆ ಎರಡೂ ಬೇಡ. ಕೇಸಿನಲ್ಲಿ ಯಾರಾದರೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದರೆ ಇವತ್ತೇ ತೆಗೆದು ಎಸೆಯಿರಿ, ಅದು ಇರುವ ಅಷ್ಟಿಷ್ಟು ತೇವವನ್ನೂ ಹೀರುತ್ತದೆ.

ಒಂದು ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ತಗೊಳ್ಳಿ, ಆದರೆ ಅದು ಹೇಳಿದ್ದನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕೈದು ಹನಿ ನೀರು ಬಿಟ್ಟು ಒದ್ದೆ ಮಣ್ಣಿನ ಹಾಗೆ ಮಾಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಜಿಪ್ ಕವರ್‌ನಲ್ಲಿ ಹಾಕಿ ಗಾಳಿಯಾಡದಂತೆ ಮುಚ್ಚಿ, 12 ಗಂಟೆ ಬಿಡಿ. ಆಗ ಶೇ 75 ತೋರಿಸಬೇಕು. 69 ತೋರಿಸಿದರೆ ಆರು ಕಡಿಮೆ ಹೇಳುತ್ತದೆ ಅಂತ ಮೀಟರ್ ಬೆನ್ನಿಗೇ ಬರೆದಿಡಿ.

ತೇವ ಕೊಡಲು ಶೇ 49ರ ಬೋವೆಡಾ ಪ್ಯಾಕ್ (ತೇವಾಂಶವನ್ನು ಒಂದೇ ಮಟ್ಟದಲ್ಲಿ ಕಾಯುವ ಪೊಟ್ಟಣ) ಸುಲಭ. ಅದು ಸಿಗದಿದ್ದರೆ ಸೋಪ್ ಡಬ್ಬಿಗೆ ತೂತು ಕೊರೆದು, ಹಿಂಡಿದ ಸ್ಪಂಜ್ ಇಟ್ಟು, ಕೇಸಿನಲ್ಲಿ ಹೆಡ್‌ಸ್ಟಾಕ್ ಹತ್ತಿರ ಒಂದು, ಬಾಡಿ ಪಕ್ಕದಲ್ಲಿ ಒಂದು ಇಡಿ. ಹಿಂಡಿದಾಗ ಒಂದು ಹನಿಯೂ ಬೀಳಬಾರದು. ಬೋರ್ ನೀರು ಬೇಡ, ಸ್ಪಂಜಿನಲ್ಲಿ ಉಪ್ಪು ಕಟ್ಟುತ್ತದೆ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರು ಹಾಕಿ.

ಗಂಗಾವತಿ_ಸ್ಪ್ರೂಸ್

ಬಳ್ಳಾರಿಯವರು ಹೇಳಿದ್ದು ಬರೋಬ್ಬರಿ ಐತ್ರಿ. ಬಿರುಕಿನ ಬಗ್ಗೆ ನಾ ಹೇಳತೀನಿ.

ಈ ಬಿರುಕು ಆ ಕಾಲದ ಮಾರ್ಟಿನ್‌ಗೆ ಹುಟ್ಟುರೋಗ ಇದ್ದಂಗ. ಆಗ ಪಿಕ್‌ಗಾರ್ಡನ್ನ ಬರೀ ಮರದ ಮ್ಯಾಲೆ ಅಂಟಿಸಿ, ಆಮ್ಯಾಲೆ ಲ್ಯಾಕರ್ ಹೊಡೀತಿದ್ರು. ವರ್ಷ ಕಳೆದಂಗ ಪ್ಲಾಸ್ಟಿಕ್ ಕುಗ್ಗತೈತಿ, ಅಂಟು ಬಿಡಂಗಿಲ್ಲ. ಹಂಗಾಗಿ ತನ್ನ ಜೋಡಿ ಸ್ಪ್ರೂಸನ್ನೂ ಎಳೀತೈತಿ, ಎಳೆ ಉದ್ದಕ್ಕ ಸೀಳತೈತಿ. ಎದ್ದಿರೋ ಅಂಚನ್ನ ಒತ್ತಿ ಫೆವಿಕ್ವಿಕ್ ಹಾಕಬ್ಯಾಡ್ರಿ, ಎಳೆತ ಹಂಗೇ ಉಳಿದು ಬಿರುಕು ಉದ್ದ ಆಗತೈತಿ. ಸರಿಯಾದ ರಿಪೇರಿ ಅಂದ್ರ ಪಿಕ್‌ಗಾರ್ಡ್ ಪೂರ್ತಿ ಬಿಡಿಸಬೇಕು, ಬಿರುಕು ಕೂಡಿಸಬೇಕು, ಬರೀ ಮರಕ್ಕ ಲ್ಯಾಕರ್ ಹೊಡೀಬೇಕು, ಆಮ್ಯಾಲೆ ಎರಡೂ ಕಡೆ ಅಂಟಿರೋ ತೆಳು ಫಿಲ್ಮ್‌ನಿಂದ ಪಿಕ್‌ಗಾರ್ಡ್ ಕೂಡಿಸಬೇಕು.

ಬಡಗಿ ಹತ್ರ ಬ್ಯಾಡ್ರಿ. ಅವರ ಕೆಲಸದಾಗ ತಪ್ಪಿಲ್ಲ, ಆದ್ರ ಅವರು ಹಾಕೋದು ಫೆವಿಕಾಲ್. ಬಾಗಿಲಿಗೆ ಅದು ಗಟ್ಟಿ, ಗಿಟಾರಿನ ಎಳೆತಕ್ಕ ನಿಧಾನ ಜಾರತೈತಿ. ಒಮ್ಮೆ ಮರದ ರಂಧ್ರದಾಗ ಇಳಿದರ ಮುಂದ ಹೈಡ್ ಗ್ಲೂ (ಪ್ರಾಣಿ ಚರ್ಮದ ಅಂಟು) ಹಾಕಿದ್ರೂ ಹಿಡಿಯಂಗಿಲ್ಲ.

ಇನ್ನೊಂದು ಮಾತು: ಒಣಗಿದಾಗ ಬಿರುಕಿಗೆ ಅಂಟು ತುಂಬಬಾರದು. ಮೊದಲು ಎರಡು ಮೂರು ವಾರ ಕೇಸಿನಾಗ ತೇವಾಂಶ ನಿಧಾನಕ್ಕ ಶೇ 45–50ಕ್ಕ ತರ್ರಿ. ಬಾಳ ಸಲ ಬಿರುಕು ತಾನ ಮುಚ್ಚಿಕೊಳ್ಳತೈತಿ. ಆಗ ಅಂಟು ಹಾಕಿ, ಒಳಗಿನಿಂದ ಎಳೆಗೆ ಅಡ್ಡಲಾಗಿ ಸಣ್ಣ ಸ್ಪ್ರೂಸ್ ಚೂರು ಅಂಟಿಸತಾರ. ಬಿರುಕು ತೆರೆದಾಗಲೇ ತುಂಬಿಬಿಟ್ರ ಮಳೆಗಾಲಕ್ಕ ಮರ ಹಿಗ್ಗೋಕ ಜಾಗ ಸಿಗಂಗಿಲ್ಲ, ಪಕ್ಕದಾಗ ಹೊಸದು ಸೀಳತೈತಿ.

ಒರೆಸೋ ವಿಚಾರ. ಬಳ್ಳಾರಿ, ಸಂಡೂರು ಕಡೆ ಕೆಂಪು ದೂಳಿನಾಗ ಕಬ್ಬಿಣದ ಅದಿರು ಇರತೈತಿ, ಲ್ಯಾಕರ್‌ಗಿಂತ ಗಡಸು. ಒಣ ಬಟ್ಟೆಲೆ ತಿಕ್ಕಿದ್ರ ಗೀರು ಖಾತ್ರಿ. ಮೊದಲು ಮೆತ್ತನ ಬ್ರಷ್‌ನಿಂದ ದೂಳು ಹಾರಿಸ್ರಿ, ಆಮ್ಯಾಲೆ ಹಳೆ ಕಾಟನ್ ಬನಿಯನ್ ತುಸು ಒದ್ದೆ ಮಾಡಿ ಒರೆಸ್ರಿ, ಕೂಡಲೇ ಒಣ ಬಟ್ಟೆಲೆ ಒರೆಸ್ರಿ. ಸ್ಯಾನಿಟೈಸರ್, ಸ್ಪಿರಿಟ್, ಡೀಟ್ ಇರೋ ಸೊಳ್ಳೆ ಕ್ರೀಮ್ ಹಚ್ಚಿದ ಕೈ, ಯಾವುದೂ ಈ ಗಿಟಾರಿನ ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್‌ಗೆ ಮುಟ್ಟಬಾರದು; ಕರಗತೈತಿ. ಅಗ್ಗದ ಸ್ಟ್ಯಾಂಡಿನ ರಬ್ಬರ್ ಸುದ್ದಾ ಕಲೆ ಮಾಡತೈತಿ, ಕಾಟನ್ ಬಟ್ಟೆ ಸುತ್ತಿ ಇಡ್ರಿ. ಫ್ರೆಟ್‌ಬೋರ್ಡಿನ (ಬೆರಳು ಒತ್ತೋ ಹಲಗಿ) ಎಬನಿ ಮರಕ್ಕ ವರ್ಷಕ್ಕೊಮ್ಮೆ ಎರಡು ಮೂರು ಹನಿ ಮಿನರಲ್ ಆಯಿಲ್ ಸಾಕು. ಕೊಬ್ಬರಿ ಎಣ್ಣೆ ಹಚ್ಚಿದ್ರ ಕಮಟು ಹಿಡೀತೈತಿ.

ರಾಯಚೂರು_ಆರುತಂತಿ

ಇಬ್ಬರಿಗೂ ತುಂಬಾ ಧನ್ಯವಾದ. ಗಿಟಾರ್ ಬಂತು, ನೀವು ಹೇಳಿದ ಹಾಗೇ ತಂದು ಇಟ್ಟಿದ್ದೇನೆ. ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ 72 ತೋರಿಸಿತು. ಕೇಸಿನೊಳಗೆ ಈಗ ಶೇ 46ರಲ್ಲಿ ನಿಂತಿದೆ, ಬಿರುಕು ಕಣ್ಣಿಗೆ ಕಾಣದಷ್ಟು ಕೂಡಿದೆ. ನಿನ್ನೆ ಸರಿಯಾದ ಶ್ರುತಿಗೆ ಏರಿಸಿ ಅಳೆದೆ: 12ನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ದಪ್ಪ ತಂತಿಯ ಕೆಳಗೆ 3.6 ಮಿಮೀ, ಸಣ್ಣ ತಂತಿಯ ಕೆಳಗೆ 2.8. ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ಪಟ್ಟಿ, ಅಂದರೆ ಸ್ಯಾಡಲ್, ಬ್ರಿಡ್ಜ್ ಮೇಲೆ ಕಾಣುವುದು ಬರೀ 2 ಮಿಮೀ. ನುಡಿಸಲು ಬೆರಳು ನೋಯುತ್ತೆ. ಸ್ಯಾಡಲ್ ತಿಕ್ಕಿ ಇಳಿಸಲಾ?

ಬಳ್ಳಾರಿ_ಲ್ಯಾಕರ್

ತಿಕ್ಕಬೇಡಿ, ಲೆಕ್ಕ ಕೂಡುವುದಿಲ್ಲ. ದಪ್ಪ ತಂತಿಗೆ 2.4 ಮಿಮೀ, ಸಣ್ಣದಕ್ಕೆ 1.7 ಮಿಮೀ ಇದ್ದರೆ ಚೆನ್ನ. ಅಂದರೆ 12ನೇ ಫ್ರೆಟ್‌ನಲ್ಲಿ 1.2 ಮಿಮೀ ಇಳಿಯಬೇಕು. ಆ ಫ್ರೆಟ್ ತಂತಿಯ ನಡುಮಧ್ಯದಲ್ಲಿರುವುದರಿಂದ ಸ್ಯಾಡಲ್‌ನಲ್ಲಿ ಅದರ ಎರಡು ಪಟ್ಟು, 2.4 ಮಿಮೀ ತೆಗೆಯಬೇಕಾಗುತ್ತದೆ. ನಿಮ್ಮಲ್ಲಿರುವುದೇ 2. ಅಷ್ಟನ್ನೂ ತೆಗೆದರೆ ತಂತಿ ಸ್ಯಾಡಲ್ ಮೇಲೆ ಮಡಿಚಿ ಒತ್ತುವುದೇ ಇಲ್ಲ, ದನಿ ಸತ್ತುಹೋಗುತ್ತದೆ. ಕೆಲವರು ಬ್ರಿಡ್ಜನ್ನೇ ಕೆತ್ತಿ ತೆಳು ಮಾಡುತ್ತಾರೆ. ಅದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ.

ಖಾತ್ರಿ ಮಾಡಿಕೊಳ್ಳಲು ಒಂದು ನೇರವಾದ ಸ್ಟೀಲ್ ಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಉದ್ದಕ್ಕೆ ಇಟ್ಟು ಬ್ರಿಡ್ಜ್ ತನಕ ಚಾಚಿ. ಪಟ್ಟಿಯ ತುದಿ ಬ್ರಿಡ್ಜ್‌ನ ಮೇಲ್ಮೈಗೆ ಸರಿಯಾಗಿ ಬಂದರೆ ನೆಕ್ ಕೋನ ಸರಿ. ಬ್ರಿಡ್ಜ್‌ನ ಹಣೆಗೆ ಬಡಿದರೆ ನೆಕ್ ಮುಂದಕ್ಕೆ ಬಾಗಿದೆ, ನೆಕ್ ರೀಸೆಟ್ ಬೇಕು. ನಿಮ್ಮ ಅಳತೆ ನೋಡಿದರೆ ಬಡಿಯುತ್ತದೆ ಅನ್ನಿಸುತ್ತದೆ. ಈ ವಯಸ್ಸಿನ ಮಾರ್ಟಿನ್‌ಗೆ ಇದು ಸಹಜ, ಹೆದರಬೇಡಿ. ನೆಕ್ ಮತ್ತು ಬಾಡಿ ಕೂಡುವ ಡವ್‌ಟೇಲ್ ಜೋಡಣೆಗೆ ಹಬೆ ಬಿಟ್ಟು ನೆಕ್ ಬಿಡಿಸಿ, ಬುಡವನ್ನು ಕೂದಲೆಳೆಯಷ್ಟು ಕೆತ್ತಿ ಮತ್ತೆ ಕೂರಿಸುತ್ತಾರೆ. ಬೆಂಗಳೂರಿನಲ್ಲಿ ಲೂಥಿಯರ್‌ಗಳಿದ್ದಾರೆ (ಗಿಟಾರ್ ಮಾಡುವ, ರಿಪೇರಿ ಮಾಡುವ ಕುಶಲಕರ್ಮಿಗಳು). ಡವ್‌ಟೇಲ್ ರೀಸೆಟ್ ಮಾಡಿದ ಗಿಟಾರ್‌ನ ಫೋಟೋ ಕೇಳಿ ನೋಡಿಯೇ ಕೊಡಿ.

ಹೇಗೂ ಹೋಗುತ್ತೀರಿ, 12ನೇ ಫ್ರೆಟ್ ಹಾರ್ಮೋನಿಕ್ (ತಂತಿ ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿ ಬರೆದುಕೊಳ್ಳಿ. ಎಪ್ಪತ್ತರ ದಶಕದ ಮಾರ್ಟಿನ್‌ಗಳಲ್ಲಿ ಬ್ರಿಡ್ಜ್ ಸರಿಯಾದ ಜಾಗದಲ್ಲಿ ಇಲ್ಲದಿರುವುದು ಉಂಟು. ರೀಸೆಟ್ ಆದ ಮೇಲೂ ಒತ್ತಿದ ಸ್ವರ ಎಲ್ಲ ತಂತಿಗಳಲ್ಲೂ ಏರಿಯೇ ಬಂದರೆ ಸ್ಯಾಡಲ್ ಕೂರುವ ಸೀಳನ್ನು ತುಂಬಿ ಹಿಂದಕ್ಕೆ ಹೊಸದಾಗಿ ಕೊರೆಸಬೇಕು. ಎರಡೂ ಕೆಲಸ ಒಟ್ಟಿಗೇ ಆಗಲಿ.

ಗಂಗಾವತಿ_ಸ್ಪ್ರೂಸ್

ಕೊಡೋ ಮುಂಚೆ ಒಂದು ತೆಳು ಕಾಗದ ಬ್ರಿಡ್ಜಿನ ಹಿಂದಿನ ಅಂಚಿಗೆ ತೂರಿಸಿ ನೋಡ್ರಿ, ಒಳಗ ಹೋದ್ರ ಬ್ರಿಡ್ಜ್ ಎದ್ದೈತಿ ಅಂತ ಅರ್ಥ. ಮುಂಭಾಗ, ಹಿಂಭಾಗ ಎರಡನ್ನೂ ಬೆರಳ ಗಿಣ್ಣಿಲೆ ಮೆಲ್ಲಕ ಬಡೀರಿ, ಎಲ್ಲಿ ಗರಗರ ಅನ್ನತೈತೋ ಅಲ್ಲಿ ಒಳಗಿನ ಬ್ರೇಸ್ (ಆಸರೆ ಪಟ್ಟಿ) ಬಿಟ್ಟಿರತೈತಿ. ಆ ಜಾಗದ ಫೋಟೋ ತೆಗೆದು ಲೂಥಿಯರ್‌ಗೆ ತೋರಸ್ರಿ.

ಸೆಟಪ್ ಮೇ ತಿಂಗಳದಾಗ ಮಾಡಿಸಬ್ಯಾಡ್ರಿ. ಒಣಗಿದಾಗ ಮುಂಭಾಗ ತಗ್ಗತೈತಿ, ಆ್ಯಕ್ಷನ್ (ಫ್ರೆಟ್ ಮ್ಯಾಲೆ ತಂತಿಯ ಎತ್ತರ) ಇಳಿದಂಗ ಕಾಣತೈತಿ. ಆಗಸ್ಟ್‌ಗೆ ಕಾಲುವಿ ನೀರು, ಮಳಿ ಕೂಡಿ ಬಂದಾಗ ಮತ್ತ ಏರತೈತಿ. ಕೇಸಿನಾಗ ಶೇ 45–50 ಒಂದು ತಿಂಗಳು ನಿಂತ ಮ್ಯಾಲೆ ಕೊಡ್ರಿ. ಅಲ್ಲೀತನಕ 11–52 ಅಳತೆಯ ತೆಳು ತಂತಿ ಹಾಕಿ, ಅರ್ಧ ಸ್ವರ ಇಳಿಸಿ ನುಡಸ್ರಿ. ಬೇಕಂದ್ರ ಮೊದಲನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್) ಹಾಕ್ಕೊಂಡ್ರ ಶ್ರುತಿ ಸರಿಹೋಗತೈತಿ, ಬೆರಳಿಗೂ ಹಗುರ.